ಆನ್‌ಲೈನ್‌ನಲ್ಲಿ ಕನ್ನಡಕ ಕೊಳ್ಳುವಾಗ ನಕಲಿ ರಿವ್ಯೂಗಳನ್ನು ಗುರುತಿಸುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಕನ್ನಡಕವನ್ನು ಮೊಬೈಲಿನಲ್ಲಿ ನೋಡಿ ತರಿಸಿಕೊಳ್ಳುವುದು ಹುಬ್ಬಳ್ಳಿ-ಧಾರವಾಡ, ಗದಗದ ಕಡೆ ಈಗ ವಿಶೇಷ ಸಂಗತಿಯಾಗಿ ಉಳಿದಿಲ್ಲ. ಸಪ್ತಾಪುರದ ಕೋಚಿಂಗ್ ಕೇಂದ್ರಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ವಿದ್ಯಾರ್ಥಿಗಳು, ಗೋಕುಲ ರಸ್ತೆಯ ಕಾರ್ಖಾನೆ ಮತ್ತು ಕಚೇರಿಗಳ ನೌಕರರು, ಎಳೆ ಕಾಣದೆ ಕಷ್ಟಪಡುತ್ತಿರುವ ತಂದೆತಾಯಿಗೆ ಓದುವ ಕನ್ನಡಕ ತರಿಸಿಕೊಡುವ ಬೆಟಗೇರಿಯ ನೇಕಾರರ ಮಕ್ಕಳು, ಎಲ್ಲರೂ ಮೊದಲು ನೋಡುವುದು ಬೆಲೆಯನ್ನು, ಆಮೇಲೆ ಅದರ ಪಕ್ಕದ ಸ್ಟಾರ್‌ಗಳನ್ನು. ಬಟ್ಟೆಯೋ ಪಾತ್ರೆಯೋ ಆಗಿದ್ದರೆ ಆ ಸ್ಟಾರ್‌ಗಳು ಸುಳ್ಳಾದರೂ ಹೋಗುವುದು ಹಣ ಮಾತ್ರ. ಕನ್ನಡಕದಲ್ಲಿ ಹಾಗಲ್ಲ. ತಪ್ಪು ಲೆನ್ಸ್ ಧರಿಸಿ ದಿನವಿಡೀ ಓದುವವರಿಗೆ ತಲೆನೋವು ಬರುತ್ತದೆ. ನೇರಳಾತೀತ ಕಿರಣವನ್ನು ತಡೆಯದ ಕಪ್ಪು ಗಾಜನ್ನು ನಂಬಿ ಬಿಸಿಲಿನಲ್ಲಿ ತಿರುಗುವವರ ಕಣ್ಣಿಗೇ ಹಾನಿಯಾಗುತ್ತದೆ.

ನಾನು ಹುಬ್ಬಳ್ಳಿಯಲ್ಲಿ ಕನ್ನಡಕ ಅಳವಡಿಸುವ ಕೆಲಸದಲ್ಲಿಯೇ ಇರುವವನು ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಆನ್‌ಲೈನ್ ಖರೀದಿ ಬೇಡವೆನ್ನುವುದು ನನ್ನ ಉದ್ದೇಶವಲ್ಲ. ಒಳ್ಳೆಯ ಫ್ರೇಮು, ಒಳ್ಳೆಯ ಲೆನ್ಸು ಅಲ್ಲಿಯೂ ಸಿಗುತ್ತವೆ, ಕೆಲವು ಸಲ ಅಂಗಡಿಗಿಂತ ಕಡಿಮೆ ಬೆಲೆಗೂ ಸಿಗುತ್ತವೆ. ಆದರೆ ರಿವ್ಯೂ ಎಂಬುದು ಒಂದು ಸಾಕ್ಷ್ಯ. ಸಾಕ್ಷಿ ನುಡಿಯುವವರು ಆ ವಸ್ತುವನ್ನು ನಿಜವಾಗಿ ಬಳಸಿದವರೇ ಎಂಬುದು ಮೊದಲ ಪ್ರಶ್ನೆ. ಅವರು ಹೇಳುತ್ತಿರುವ ಸಂಗತಿ ಅವರಿಗೆ ತಿಳಿಯಲು ಸಾಧ್ಯವಿತ್ತೇ ಎಂಬುದು ಎರಡನೆಯದು. ಕನ್ನಡಕದ ಮಟ್ಟಿಗೆ ಈ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವೆಂದು ನನ್ನ ದೃಢವಾದ ಅಭಿಪ್ರಾಯ. ಕೆಳಗಿನ ಹಂತಗಳೆಲ್ಲ ಈ ಎರಡು ಪ್ರಶ್ನೆಗಳ ಸುತ್ತ ಇವೆ.

ಹಂತ 1: ರಿವ್ಯೂ ತೆರೆಯುವ ಮೊದಲು ನಿಮ್ಮ ಅಳತೆಗಳನ್ನು ಬರೆದಿಟ್ಟುಕೊಳ್ಳಿ

ಇತ್ತೀಚೆಗೆ ಮಾಡಿಸಿದ ಕಣ್ಣಿನ ಪರೀಕ್ಷೆಯ ಚೀಟಿ ಎದುರಿಗಿರಲಿ. ಅದರಲ್ಲಿ ಎರಡೂ ಕಣ್ಣುಗಳ ಪವರ್, ಸಿಲಿಂಡರ್ (ಕಣ್ಣಿನ ವಕ್ರತೆ ಎಲ್ಲ ದಿಕ್ಕಿನಲ್ಲಿಯೂ ಸಮವಿಲ್ಲದಿದ್ದರೆ ಬೇಕಾಗುವ ಪವರ್) ಇದ್ದರೆ ಅದರ ಆ್ಯಕ್ಸಿಸ್ ಎಂಬ ಕೋನ, ನಲವತ್ತು ದಾಟಿದವರಿಗೆ ಓದುವ ಪವರ್ ನಮೂದಾಗಿರುತ್ತವೆ. ಬಹಳಷ್ಟು ಚೀಟಿಗಳಲ್ಲಿ ಬರೆಯದೇ ಬಿಡುವ ಒಂದು ಅಳತೆ ಎರಡೂ ಪಾಪೆಗಳ ನಡುವಿನ ಅಂತರ, ಅದನ್ನು ಪಿ.ಡಿ. ಎನ್ನುತ್ತಾರೆ. ದೊಡ್ಡವರಲ್ಲಿ ಇದು ಸಾಮಾನ್ಯವಾಗಿ 54ರಿಂದ 74 ಮಿ.ಮೀ. ಒಳಗಿರುತ್ತದೆ. ಪರೀಕ್ಷೆ ಮಾಡಿದವರನ್ನು ಕೇಳಿ ಇದನ್ನು ಚೀಟಿಯ ಮೇಲೆಯೇ ಬರೆಸಿಕೊಳ್ಳಿ. ಈಗ ಧರಿಸುತ್ತಿರುವ ಕನ್ನಡಕದ ಕಡ್ಡಿಯ ಒಳಬದಿಯನ್ನೂ ನೋಡಿ: 52, 18, 140 ಎಂಬಂತೆ ಮೂರು ಅಂಕಿಗಳಿರುತ್ತವೆ. ಮೊದಲನೆಯದು ಒಂದು ಲೆನ್ಸಿನ ಅಗಲ, ಎರಡನೆಯದು ಮೂಗಿನ ಮೇಲೆ ಕೂಡುವ ಸೇತುವೆಯ ಅಗಲ, ಮೂರನೆಯದು ಕಡ್ಡಿಯ ಉದ್ದ, ಎಲ್ಲವೂ ಮಿಲಿಮೀಟರಿನಲ್ಲಿ.

ಈ ಅಂಕಿಗಳು ಕೈಯಲ್ಲಿಲ್ಲದೆ ರಿವ್ಯೂ ಓದಿದರೆ, ‘ಮುಖಕ್ಕೆ ಸರಿಯಾಗಿ ಕೂಡುತ್ತದೆ’ ಎಂಬ ಮಾತು ಯಾರ ಮುಖಕ್ಕೆ ಎಂಬುದೇ ತಿಳಿಯದೆ ನಮ್ಮನ್ನು ಒಪ್ಪಿಸಿಬಿಡುತ್ತದೆ. ಅಂಕಿಗಳಿದ್ದರೆ, ‘ನನ್ನ ಹಳೆಯ ಫ್ರೇಮು 50, ಇದು 54, ಮೂಗಿನಿಂದ ಜಾರುತ್ತದೆ’ ಎಂದು ಬರೆದ ಒಬ್ಬ ಗ್ರಾಹಕರ ಒಂದು ಸಾಲು ನೂರು ಹೊಗಳಿಕೆಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಂತ 2: ಸರಾಸರಿಯನ್ನು ಬಿಟ್ಟು ಹಂಚಿಕೆಯನ್ನೂ ದಿನಾಂಕವನ್ನೂ ನೋಡಿ

4.4 ಎಂಬ ಸರಾಸರಿ ತಾನಾಗಿ ಏನನ್ನೂ ಹೇಳುವುದಿಲ್ಲ. ಅದರ ಮೇಲೆ ಒತ್ತಿದರೆ ಐದು, ನಾಲ್ಕು, ಮೂರು, ಎರಡು, ಒಂದು ಸ್ಟಾರ್ ಕೊಟ್ಟವರ ಪ್ರಮಾಣ ತೆರೆದುಕೊಳ್ಳುತ್ತದೆ. ಐದು ಸ್ಟಾರ್‌ಗಳೂ ಒಂದು ಸ್ಟಾರ್‌ಗಳೂ ತುಂಬಿಕೊಂಡು ನಡುವಿನವು ಬಹುತೇಕ ಖಾಲಿಯಾಗಿದ್ದರೆ ಎಚ್ಚರ ವಹಿಸಬೇಕು. ಇದೊಂದೇ ಮೋಸಕ್ಕೆ ಸಾಬೀತಲ್ಲ, ಏಕೆಂದರೆ ತುಂಬ ಖುಷಿಯಾದವರು ಮತ್ತು ತುಂಬ ಸಿಟ್ಟಾದವರೇ ಬರೆಯಲು ಕೂಡುವುದು ಎಲ್ಲ ವಸ್ತುಗಳಲ್ಲಿಯೂ ಕಾಣುವ ರೂಢಿ. ಆದರೆ ಒಂದು ಸ್ಟಾರ್ ಕೊಟ್ಟವರೆಲ್ಲ ‘ಲೇಪನ ಕಿತ್ತುಬಂತು’, ‘ಪವರ್ ತಪ್ಪಿದೆ’ ಎಂದು ನಿರ್ದಿಷ್ಟವಾಗಿ ಬರೆದಿದ್ದು, ಐದು ಸ್ಟಾರ್ ಕೊಟ್ಟವರೆಲ್ಲ ‘ತುಂಬಾ ಚೆನ್ನಾಗಿದೆ’ ಎಂದಷ್ಟೇ ಬರೆದಿದ್ದರೆ ನಂಬಬೇಕಾದದ್ದು ಯಾರನ್ನು ಎಂಬುದು ಸ್ಪಷ್ಟ.

ಆಮೇಲೆ ಇತ್ತೀಚಿನ ರಿವ್ಯೂ ಮೊದಲು ಬರುವಂತೆ ಕ್ರಮ ಬದಲಿಸಿ. ಆ್ಯಪ್‌ಗಳು ಮೊದಲಿಗೆ ತೋರಿಸುವುದು ಸಾಮಾನ್ಯವಾಗಿ ತಾವು ಉಪಯುಕ್ತವೆಂದು ಆರಿಸಿದವನ್ನು. ಕ್ರಮ ಬದಲಿಸಿದಾಗ, ತಿಂಗಳುಗಟ್ಟಲೆ ಒಂದೂ ರಿವ್ಯೂ ಇಲ್ಲದ ಫ್ರೇಮಿಗೆ ಎರಡು-ಮೂರು ದಿನಗಳಲ್ಲಿ ಐದು ಸ್ಟಾರ್‌ಗಳ ಗೊಂಚಲೇ ಬಿದ್ದಿರುವುದು ಕಾಣಬಹುದು. ದಸರಾ, ದೀಪಾವಳಿಯ ರಿಯಾಯಿತಿ ಮಾರಾಟದ ನಂತರ ರಿವ್ಯೂಗಳು ಒಮ್ಮೆಲೆ ಹೆಚ್ಚುವುದು ಸಹಜ, ಆದರೆ ಆಗ ಹೊಗಳಿಕೆಯ ಜೊತೆಗೆ ದೂರುಗಳೂ ಹೆಚ್ಚುತ್ತವೆ. ಹೊಗಳಿಕೆ ಮಾತ್ರ ಹೆಚ್ಚಿ ದೂರುಗಳು ಇದ್ದಲ್ಲಿಯೇ ಇದ್ದರೆ ಅದು ಸಹಜವಲ್ಲ.

ಹಂತ 3: ಆ ರಿವ್ಯೂ ಇದೇ ಕನ್ನಡಕದ್ದೇ ಎಂದು ಖಚಿತಪಡಿಸಿಕೊಳ್ಳಿ

ಒಂದೇ ಪುಟದಲ್ಲಿ ಹಲವು ಬಣ್ಣ, ಹಲವು ಅಳತೆ, ಕೆಲವೊಮ್ಮೆ ಹಲವು ಬಗೆಯ ಕನ್ನಡಕಗಳನ್ನೇ ಸೇರಿಸಿ ಮಾರುವ ವ್ಯವಸ್ಥೆ ಇದೆ. ಇದರ ದುರುಪಯೋಗ ಸುಲಭ: ಚೆನ್ನಾಗಿ ಮಾರಾಟವಾದ ಹಳೆಯ ಫ್ರೇಮಿನ ಪುಟಕ್ಕೆ ಹೊಸದೊಂದು ಅಗ್ಗದ ಕನ್ನಡಕವನ್ನು ಜೋಡಿಸಿದರೆ ಹಳೆಯದರ ಸಾವಿರಾರು ಸ್ಟಾರ್‌ಗಳು ಹೊಸದಕ್ಕೂ ದಕ್ಕುತ್ತವೆ. ತಂಪು ಕನ್ನಡಕದ ಪುಟದಲ್ಲಿ ‘ಕಂಪ್ಯೂಟರ್ ಕೆಲಸಕ್ಕೆ ಅನುಕೂಲ’ ಎಂಬ ಮಾತು, ಲೋಹದ ಫ್ರೇಮಿನ ಕೆಳಗೆ ‘ಪ್ಲಾಸ್ಟಿಕ್ ಗಟ್ಟಿಯಾಗಿದೆ’ ಎಂಬ ಮಾತು ಕಂಡರೆ ಅಲ್ಲಿ ಈ ಜೋಡಣೆ ನಡೆದಿದೆ. ಪ್ರತಿ ರಿವ್ಯೂದ ಮೇಲ್ಭಾಗದಲ್ಲಿ ಬಣ್ಣ ಮತ್ತು ಅಳತೆ ನಮೂದಾಗಿದ್ದರೆ ನೀವು ಕೊಳ್ಳಲಿರುವುದಕ್ಕೆ ಹೊಂದುವುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಹಾಗೆ ಸೋಸಿದ ಮೇಲೆ ಉಳಿಯುವುದು ಬೆರಳೆಣಿಕೆಯಷ್ಟೇ ಆದರೂ ಅಷ್ಟನ್ನೇ ಓದಿ.

ಹಂತ 4: ಹೇಳಿದ ಸಂಗತಿ ಹೇಳಿದವರಿಗೆ ತಿಳಿಯಲು ಸಾಧ್ಯವಿತ್ತೇ?

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಪಾರ್ಸೆಲ್ ಬಿಚ್ಚಿದ ಕೂಡಲೇ ಯಾರಿಗಾದರೂ ತಿಳಿಯುವ ಸಂಗತಿಗಳಿವೆ: ತೂಕ, ಬಣ್ಣ, ಡಬ್ಬಿ, ಕಡ್ಡಿ ಬಿಗಿಯೋ ಸಡಿಲೋ ಎಂಬುದು. ವಾರಗಳು ಕಳೆದ ಮೇಲೆಯೇ ತಿಳಿಯುವ ಸಂಗತಿಗಳೂ ಇವೆ: ಕಡ್ಡಿಯ ಕೀಲಿನ ಸ್ಕ್ರೂ ಸಡಿಲವಾಗುವುದು, ಮೂಗಿನ ಪ್ಯಾಡು ಹಳದಿಯಾಗುವುದು, ಬೆವರಿಗೆ ಲೋಹದ ಬಣ್ಣ ಬಿಡುವುದು, ಲೆನ್ಸಿನ ಪ್ರತಿಫಲನ ತಡೆಯುವ ಲೇಪನ ಬಿರಿಯುವುದು. ಪವರ್ ಸರಿಯಿದೆಯೇ, ಲೆನ್ಸಿನ ಕೇಂದ್ರ ಪಾಪೆಯ ನೇರಕ್ಕಿದೆಯೇ, ನೇರಳಾತೀತ ಕಿರಣ ತಡೆಯುತ್ತದೆಯೇ, 1.67 ಇಂಡೆಕ್ಸಿನ ತೆಳು ಲೆನ್ಸು ಎಂದು ಹಣ ಪಡೆದದ್ದು ನಿಜವಾಗಿ ಅದಕ್ಕಿಂತ ದಪ್ಪನೆಯ 1.56 ಅಲ್ಲವೇ ಎಂಬುವು ಉಪಕರಣವಿಲ್ಲದೆ ತಿಳಿಯುವುದಿಲ್ಲ. ಇನ್ನು ‘ಇದನ್ನು ಧರಿಸಿದ ಮೇಲೆ ನನ್ನ ನಂಬರ್ ಇಳಿಯಿತು’ ಎಂಬಂಥ ಮಾತು ಇದ್ದರೆ ಆ ರಿವ್ಯೂವನ್ನು ಅಲ್ಲಿಗೇ ಬಿಟ್ಟುಬಿಡಿ. ಕನ್ನಡಕ ದೃಷ್ಟಿಯನ್ನು ಸ್ಪಷ್ಟಗೊಳಿಸುತ್ತದೆಯೇ ಹೊರತು ಪವರನ್ನು ಗುಣಪಡಿಸುವುದಿಲ್ಲ.

ಹೀಗಾಗಿ ಬರೆದ ದಿನವನ್ನು ಬರೆದ ವಿಷಯದೊಂದಿಗೆ ಹೋಲಿಸಬೇಕು. ಕೈ ಸೇರಿದ ಮರುದಿನವೇ ‘ಬಹಳ ಬಾಳಿಕೆ ಬರುತ್ತದೆ’ ಎಂದು ಬರೆದವರು ತಮಗೆ ತಿಳಿಯದ್ದನ್ನು ಹೇಳಿದ್ದಾರೆ. ‘ಪವರ್ ನೂರಕ್ಕೆ ನೂರು ಕರಾರುವಾಕ್ಕಾಗಿದೆ’ ಎಂದವರು ಅಂಗಡಿಯಲ್ಲಿ ತೋರಿಸಿದೆವೆಂದು ಹೇಳದಿದ್ದರೆ ಅದೂ ಹಾಗೆಯೇ.

ಇಲ್ಲಿ ಸುಳ್ಳು ಬೇರೆ, ಅರಿಯದೆ ಬರೆದದ್ದು ಬೇರೆ ಎಂಬುದನ್ನು ನೆನಪಿಡಬೇಕು. ಪರೀಕ್ಷೆಗೆ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿ ಆನ್‌ಲೈನ್‌ನಲ್ಲಿ ತರಿಸಿದ ಕನ್ನಡಕವನ್ನು ನನ್ನ ಬಳಿ ತಂದಿದ್ದಳು. ‘ಸರ, ಓದಾಕ ಕುಂತ ಅರ್ಧಾ ತಾಸಿಗೆ ತಲಿ ನೋಯಾಕ ಹತ್ತತೈತ್ರಿ’ ಎಂಬುದು ಅವಳ ದೂರು. ಲೆನ್ಸಿನ ಪವರ್ ಅಳೆಯುವ ಉಪಕರಣವಾದ ಲೆನ್ಸೊಮೀಟರಿನಲ್ಲಿಟ್ಟು ನೋಡಿದಾಗ ಪವರ್ ಚೀಟಿಯಲ್ಲಿದ್ದಂತೆಯೇ ಮೈನಸ್ 4 ಇತ್ತು. ಎರಡೂ ಲೆನ್ಸುಗಳ ಕೇಂದ್ರದಲ್ಲಿ ಮಸಿಯ ಚುಕ್ಕೆ ಇಟ್ಟು ಅಳೆದೆ: ಚುಕ್ಕೆಗಳ ನಡುವೆ 68 ಮಿ.ಮೀ., ಅವಳ ಪಾಪೆಗಳ ನಡುವೆ 60. ಎಂದರೆ ಪ್ರತಿ ಕಣ್ಣೂ ಲೆನ್ಸಿನ ಕೇಂದ್ರದಿಂದ 4 ಮಿ.ಮೀ. ಸರಿದ ಜಾಗದಿಂದ ನೋಡುತ್ತಿತ್ತು. ಅಷ್ಟು ಪವರಿನಲ್ಲಿ ಅಷ್ಟು ಸರಿದರೆ ಲೆನ್ಸು ಬೆಳಕನ್ನು ಪಕ್ಕಕ್ಕೆ ಬಾಗಿಸುತ್ತದೆ. ಎರಡು ಬಿಂಬಗಳನ್ನು ಒಂದಾಗಿಸಲು ಕಣ್ಣಿನ ಸ್ನಾಯುಗಳು ಬಿಡುವಿಲ್ಲದೆ ದುಡಿಯಬೇಕಾಗುತ್ತದೆ. ಅವಳು ಪಾರ್ಸೆಲ್ ಬಂದ ಸಂಜೆಯೇ ಐದು ಸ್ಟಾರ್ ಕೊಟ್ಟು, ಫ್ರೇಮು ಚಂದವಿದೆ, ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ ಎಂದು ಬರೆದಿದ್ದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೂ ಅದನ್ನು ಓದಿ ಅದೇ ಜಾಗದಿಂದ ಪವರ್ ಲೆನ್ಸು ತರಿಸುವವರಿಗೆ ಅದು ದಾರಿ ತಪ್ಪಿಸುವ ರಿವ್ಯೂವೇ.

ಲೆನ್ಸಿನ ವಿಶೇಷ ಗುಣಗಳ ಬಗ್ಗೆ ಬರುವ ಹೊಗಳಿಕೆಗಳನ್ನು ಒಂದೊಂದಾಗಿಯೇ ಅಳೆಯಬೇಕು. ನೀಲಿ ಬೆಳಕು ತಡೆಯುವ ಲೆನ್ಸುಗಳ ಜೊತೆಗೆ ಒಂದು ಪುಟ್ಟ ಲೇಸರ್ ಪೆನ್ನು ಮತ್ತು ಕಾರ್ಡು ಬರುವುದುಂಟು. ಲೆನ್ಸು ಅಡ್ಡ ಹಿಡಿದಾಗ ಕಾರ್ಡಿನ ಮೇಲಿನ ಬೆಳಕು ಮಾಯವಾಗುವ ವಿಡಿಯೊಗಳು ರಿವ್ಯೂಗಳಲ್ಲಿ ಧಾರಾಳವಾಗಿ ಕಾಣುತ್ತವೆ. ಆ ಪೆನ್ನುಗಳ ಬೆಳಕು ಸಾಮಾನ್ಯವಾಗಿ 405 ನ್ಯಾನೊಮೀಟರಿನ ಆಸುಪಾಸಿನ ನೇರಳೆ. ಅದು ತಡೆಯಲ್ಪಟ್ಟಿತು ಎಂದರೆ ಮೊಬೈಲು, ಕಂಪ್ಯೂಟರಿನಿಂದ ಕಣ್ಣು ದಣಿಯುವುದು ನಿಂತಿತು ಎಂದಾಗುವುದಿಲ್ಲ. 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಕಾಕ್ರೇನ್ (ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಅಂತರರಾಷ್ಟ್ರೀಯ ಸಂಸ್ಥೆ) ಸಮೀಕ್ಷೆ, ಸಾಮಾನ್ಯ ಲೆನ್ಸಿಗೆ ಹೋಲಿಸಿದರೆ ಇಂಥ ಲೆನ್ಸುಗಳು ಅಲ್ಪಾವಧಿಯಲ್ಲಿ ಕಣ್ಣಿನ ಆಯಾಸವನ್ನು ಕಡಿಮೆ ಮಾಡುವಂತೆ ಕಾಣುವುದಿಲ್ಲ ಎಂದೇ ಹೇಳಿತು. ಆದ್ದರಿಂದ ‘ಮೊದಲ ದಿನವೇ ಕಣ್ಣುರಿ ಹೋಯಿತು’ ಎಂಬ ಸಾಲು ಹತ್ತಾರು ರಿವ್ಯೂಗಳಲ್ಲಿ ಮರುಕಳಿಸಿದರೆ ಅದು ಜಾಹೀರಾತಿನಿಂದ ಇಳಿದು ಬಂದ ಮಾತು ಎಂದು ತಿಳಿಯಬಹುದು.

ರಾತ್ರಿ ಗಾಡಿ ಓಡಿಸಲೆಂದು ಮಾರುವ ಹಳದಿ ಗಾಜಿನ ಕನ್ನಡಕಗಳದ್ದು ಇನ್ನೂ ಗಂಭೀರ ವಿಷಯ. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಎದುರಿನ ಲಾರಿಗಳ ದೀಪಕ್ಕೆ ಕಣ್ಣು ಕುಕ್ಕಿಸಿಕೊಂಡವರು ಇವುಗಳ ರಿವ್ಯೂಗಳಿಗೆ ಬೇಗ ಒಲಿಯುತ್ತಾರೆ. ಅಮೆರಿಕದಲ್ಲಿ ಗಾಡಿ ಓಡಿಸುವ ಅನುಭವವನ್ನು ಅನುಕರಿಸುವ ಯಂತ್ರದ (ಸಿಮ್ಯುಲೇಟರ್) ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಳದಿ ಗಾಜು ಧರಿಸಿದವರು ರಸ್ತೆಯ ಮೇಲಿನ ಪಾದಚಾರಿಯನ್ನು ಗುರುತಿಸುವುದರಲ್ಲಿ ಯಾವ ಸುಧಾರಣೆಯೂ ಕಾಣಲಿಲ್ಲ. ಗಾಜಿಗೆ ಬಣ್ಣವಿದ್ದಷ್ಟೂ ಕಣ್ಣಿಗೆ ತಲಪುವ ಬೆಳಕು ಕಡಿಮೆಯೇ. ‘ರಾತ್ರಿ ಹಗಲಿನಂತೆ ಕಾಣುತ್ತದೆ’ ಎಂಬ ರಿವ್ಯೂ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದನ್ನು ನಂಬಿ ಜೀವವನ್ನು ಪಣಕ್ಕಿಡಬಾರದು.

ತಂಪು ಕನ್ನಡಕಗಳಲ್ಲಿ ‘ಯುವಿ 400’ ಎಂದರೆ 400 ನ್ಯಾನೊಮೀಟರಿನವರೆಗಿನ ನೇರಳಾತೀತ ಕಿರಣಗಳನ್ನು ತಡೆಯುತ್ತದೆ ಎಂದರ್ಥ. ಅದಕ್ಕೂ ಗಾಜು ಎಷ್ಟು ಕಪ್ಪಗಿದೆ ಎಂಬುದಕ್ಕೂ ಸಂಬಂಧವಿಲ್ಲ. ಕಿರಣ ತಡೆಯದ ಕಪ್ಪು ಗಾಜಿನ ಹಿಂದೆ ಪಾಪೆ ಹಿಗ್ಗಿ, ಕಿರಣಗಳು ಇನ್ನಷ್ಟು ಒಳಹೋಗುತ್ತವೆ. ಹೀಗಾಗಿ ‘ಬಿಸಿಲು ಗೊತ್ತೇ ಆಗುವುದಿಲ್ಲ, ಯುವಿ ರಕ್ಷಣೆ ಅದ್ಭುತ’ ಎಂಬ ವಾಕ್ಯದ ಮೊದಲರ್ಧ ಅನುಭವ, ಉಳಿದರ್ಧ ಊಹೆ. ಪೋಲರಾಯ್ಡ್ ಗುಣವನ್ನು (ರಸ್ತೆ, ನೀರಿನಿಂದ ಪ್ರತಿಫಲಿಸುವ ಹೊಳಪನ್ನು ತಡೆಯುವುದು) ಮಾತ್ರ ಗ್ರಾಹಕರು ತಾವೇ ಪರೀಕ್ಷಿಸಬಹುದು: ಲ್ಯಾಪ್‌ಟಾಪಿನ ಪರದೆಯ ಮುಂದೆ ಕನ್ನಡಕವನ್ನು ಹಿಡಿದು ನಿಧಾನವಾಗಿ ತಿರುಗಿಸಿದರೆ ಒಂದು ಕೋನದಲ್ಲಿ ಪರದೆ ಕಪ್ಪಾಗಬೇಕು. ಹಾಗೆ ತಿರುಗಿಸಿ ನೋಡಿದೆನೆಂದು ಬರೆದವರ ಮಾತಿಗೆ ತೂಕವಿದೆ.

ಬಿಸಿಲಿಗೆ ಕಪ್ಪಾಗುವ ಲೆನ್ಸುಗಳ ಬಗ್ಗೆ ಒಬ್ಬರು ಹೊಗಳಿ, ಇನ್ನೊಬ್ಬರು ಬೈದಿದ್ದರೆ ಇಬ್ಬರೂ ಸತ್ಯವಂತರಿರಬಹುದು. ಆ ಲೆನ್ಸು ಚಳಿಯಲ್ಲಿ ಹೆಚ್ಚು ಕಪ್ಪಾಗುತ್ತದೆ, ಬಿಸಿಯಲ್ಲಿ ಕಡಿಮೆ. ಕಾರಿನೊಳಗೆ ಮುಂದಿನ ಗಾಜು ನೇರಳಾತೀತ ಕಿರಣವನ್ನು ತಡೆಯುವುದರಿಂದ ಬಹುತೇಕ ಕಪ್ಪಾಗುವುದೇ ಇಲ್ಲ. ಗದಗದ ಏಪ್ರಿಲ್ ಬಿಸಿಲಿನಲ್ಲಿ ತಿರುಗುವವರು ಜನವರಿಯಲ್ಲಿ ಬರೆದ ರಿವ್ಯೂಗಳಿಗಿಂತ ಬೇಸಿಗೆಯ ತಿಂಗಳುಗಳಲ್ಲಿ ಬರೆದವನ್ನು ಹುಡುಕಿ ಓದುವುದು ಲೇಸು.

ಹಂತ 5: ಫೋಟೊಗಳನ್ನು ದೊಡ್ಡದು ಮಾಡಿ ನೋಡಿ

ಬೇರೆ ಬೇರೆ ಊರಿನ, ಬೇರೆ ಬೇರೆ ಹೆಸರಿನ ಗ್ರಾಹಕರ ಫೋಟೊಗಳಲ್ಲಿ ಒಂದೇ ಮೇಜು, ಒಂದೇ ಹಾಸು, ಒಂದೇ ದಿಕ್ಕಿನ ಬೆಳಕು ಕಂಡರೆ ಅವು ಒಂದೇ ಕೋಣೆಯಲ್ಲಿ ತೆಗೆದವು. ಅನುಮಾನ ಬಂದ ಫೋಟೊವನ್ನು ಚಿತ್ರ ಕೊಟ್ಟು ಹುಡುಕುವ ‘ಗೂಗಲ್ ಲೆನ್ಸ್’ ಆ್ಯಪಿನಲ್ಲಿ ಹುಡುಕಿ; ಅದೇ ಚಿತ್ರ ಇನ್ನೊಂದು ದೇಶದ ಮಾರಾಟ ಪುಟದಲ್ಲಿಯೋ ಫ್ಯಾಷನ್ ಪುಟದಲ್ಲಿಯೋ ಸಿಕ್ಕರೆ ಬೇರೆ ಸಾಬೀತು ಬೇಕಿಲ್ಲ.

ಕನ್ನಡಕಕ್ಕೆ ಮಾತ್ರ ಅನ್ವಯಿಸುವ ಒಂದು ಪರೀಕ್ಷೆ ಇದೆ. ಅದು ನಮ್ಮ ಕೆಲಸದವರಿಗೆ ಅಭ್ಯಾಸದಿಂದ ಬಂದದ್ದಾದರೂ ಯಾರು ಬೇಕಾದರೂ ಕಲಿಯಬಹುದು. ಮೈನಸ್ ಪವರಿನ ಲೆನ್ಸು ಹಿಂದಿರುವುದನ್ನು ಚಿಕ್ಕದಾಗಿ ತೋರಿಸುತ್ತದೆ. ಧರಿಸಿದವರ ಮುಖವನ್ನು ಎದುರಿನಿಂದ ನೋಡಿದರೆ, ಕೆನ್ನೆಯ ಅಂಚಿನ ಗೆರೆ ಲೆನ್ಸಿನ ಒಳಗೆ ಬರುವಾಗ ಮುರಿದಂತೆ ಒಳಕ್ಕೆ ಸರಿದಿರುತ್ತದೆ. ಪವರ್ ಹೆಚ್ಚಿದಷ್ಟೂ ಈ ಸರಿತ ಹೆಚ್ಚು. ಪ್ಲಸ್ ಪವರಿನಲ್ಲಿ ಗೆರೆ ಹೊರಕ್ಕೆ ಸರಿದು ಕಣ್ಣು ದೊಡ್ಡದಾಗಿ ಕಾಣುತ್ತದೆ. ‘ನನ್ನ ಪವರ್ ಮೈನಸ್ 6, ಆದರೂ ಲೆನ್ಸು ಎಷ್ಟು ತೆಳು ನೋಡಿ’ ಎಂದು ಬರೆದವರ ಫೋಟೊದಲ್ಲಿ ಕೆನ್ನೆಯ ಗೆರೆ ಒಂದಿಷ್ಟೂ ಮುರಿಯದೆ ನೇರವಾಗಿ ಹಾದುಹೋಗಿದ್ದರೆ ಆ ಫ್ರೇಮಿನಲ್ಲಿ ಇರುವುದು ಪವರ್ ಇಲ್ಲದ ಲೆನ್ಸು. ಫ್ರೇಮಿನ ಜೊತೆಗೆ ಬರುವ ತೋರಿಕೆಯ ತೆಳು ಪ್ಲಾಸ್ಟಿಕ್ಕೇ ಅದಾಗಿರಬಹುದು. ಲೆನ್ಸಿನ ಅಂಚನ್ನು ಪಕ್ಕದಿಂದ ತೋರಿಸಿದ, ಕಡ್ಡಿಯ ಒಳಗಿನ ಅಂಕಿಗಳು ಓದಲು ಬರುವ, ಅಷ್ಟೇನೂ ಅಂದವಿಲ್ಲದ ಫೋಟೊಗಳೇ ನಂಬಿಕೆಗೆ ಹೆಚ್ಚು ಅರ್ಹ.

ಹಂತ 6: ಭಾಷೆಯನ್ನು ಗಮನಿಸಿ, ಆದರೆ ಅದೊಂದರಿಂದಲೇ ತೀರ್ಮಾನಿಸಬೇಡಿ

ಉತ್ಪನ್ನದ ಉದ್ದನೆಯ ಹೆಸರನ್ನು ಪೂರ್ತಿಯಾಗಿ ವಾಕ್ಯದೊಳಗೆ ತುರುಕಿದ ರಿವ್ಯೂ, ವಿವರಣೆಯಲ್ಲಿನ ಗುಣವಾಚಕಗಳನ್ನೇ ಅದೇ ಕ್ರಮದಲ್ಲಿ ಒಪ್ಪಿಸುವ ರಿವ್ಯೂ, ಹತ್ತು ಜನರ ಹೆಸರಿನಲ್ಲಿ ಒಂದೇ ವಾಕ್ಯ ಬರುವ ರಿವ್ಯೂ ಇವು ಬರೆಸಿದವು. ಈಗ ಕೃತಕ ಬುದ್ಧಿಮತ್ತೆಯಿಂದ ತಪ್ಪಿಲ್ಲದ, ನಯವಾದ ರಿವ್ಯೂಗಳನ್ನು ನಿಮಿಷಗಳಲ್ಲಿ ನೂರಾರು ಬರೆಸಬಹುದಾದ್ದರಿಂದ ಭಾಷೆ ಚೆನ್ನಾಗಿದೆ ಎಂಬುದು ಯಾವ ಭರವಸೆಯೂ ಅಲ್ಲ.

ಕನ್ನಡದ ಓದುಗರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ದೊಡ್ಡ ಶಾಪಿಂಗ್ ಆ್ಯಪ್‌ಗಳು 2020ರಿಂದ ಕನ್ನಡದಲ್ಲಿಯೂ ಸಿಗುತ್ತಿವೆ, ಬೇರೆ ಭಾಷೆಯ ರಿವ್ಯೂಗಳನ್ನು ಯಂತ್ರದಿಂದ ಅನುವಾದಿಸಿ ತೋರಿಸುವುದೂ ಉಂಟು. ಹಾಗೆ ಬಂದ ಕನ್ನಡ ವಿಚಿತ್ರವಾಗಿದ್ದರೆ ತಪ್ಪು ಯಂತ್ರದ್ದು. ಮೂಲದಲ್ಲಿ ಬರೆದವರು ಪ್ರಾಮಾಣಿಕರೇ ಇರಬಹುದು. ಮೂಲವನ್ನು ತೋರಿಸುವ ಆಯ್ಕೆ ಇದ್ದರೆ ಅದನ್ನು ಒತ್ತಿ ಓದಿ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ, ಕಾಗುಣಿತ ತಪ್ಪಿದ, ಅರ್ಧಕ್ಕೆ ನಿಂತ ಕನ್ನಡದ ಸಾಲುಗಳು ಹಲವು ಸಲ ನಿಜವಾದ ಗ್ರಾಹಕರವೇ ಆಗಿರುತ್ತವೆ. ಅವನ್ನು ಕೀಳಾಗಿ ಕಂಡು ದಾಟಿ ಹೋಗಬಾರದು.

ಹಂತ 7: ಖರೀದಿ ದೃಢಪಟ್ಟಿದೆ ಎಂಬ ಗುರುತಿನ ಮಿತಿಯನ್ನು ಅರಿಯಿರಿ

ಈ ಗುರುತು ಹೇಳುವುದು ಆ ಖಾತೆಯಿಂದ ಆ ವಸ್ತುವಿಗೆ ಆರ್ಡರ್ ಹೋಗಿತ್ತು ಎಂಬುದನ್ನು ಮಾತ್ರ. ಟೆಲಿಗ್ರಾಂ ಮತ್ತು ವಾಟ್ಸ್‌ಆ್ಯಪ್ ಗುಂಪುಗಳ ಮೂಲಕ ಜನರಿಂದ ಆರ್ಡರ್ ಮಾಡಿಸಿ, ಐದು ಸ್ಟಾರ್ ಬಂದ ಮೇಲೆ ಹಣ ಮರಳಿಸುವ ವ್ಯವಹಾರ ನಡೆಯುತ್ತದೆ. ಸಂಬಂಧವಿಲ್ಲದವರ ವಿಳಾಸಕ್ಕೆ ಖಾಲಿ ಅಥವಾ ಅಗ್ಗದ ಪಾರ್ಸೆಲ್ ಕಳಿಸಿ, ಅವರ ಹೆಸರಿನಲ್ಲಿ ಖರೀದಿ ತೋರಿಸಿ ರಿವ್ಯೂ ಹಾಕುವ ತಂತ್ರವೂ ಇದೆ. ನೀವು ತರಿಸದ ಕನ್ನಡಕದ ಪಾರ್ಸೆಲ್ ಮನೆಗೆ ಬಂದರೆ ಅದನ್ನು ಉಡುಗೊರೆ ಎಂದುಕೊಳ್ಳದೆ ಆ ಮಾರಾಟ ತಾಣಕ್ಕೆ ವರದಿ ಮಾಡಿ, ನಿಮ್ಮ ಖಾತೆಯ ಪಾಸ್‌ವರ್ಡ್ ಬದಲಿಸಿ.

ಡಬ್ಬಿಯೊಳಗೆ ಬರುವ ಕಾರ್ಡನ್ನು ಬಹಳ ಜನ ನೋಡಿರಬಹುದು: ಐದು ಸ್ಟಾರ್ ಕೊಟ್ಟು ಅದರ ಸ್ಕ್ರೀನ್‌ಶಾಟ್ ಕಳಿಸಿದರೆ ಇಂತಿಷ್ಟು ರೂಪಾಯಿ ವಾಪಸು ಎಂದು ಅದರ ಮೇಲೆ ಅಚ್ಚಾಗಿರುತ್ತದೆ, ಕೆಳಗೊಂದು ಫೋನ್ ನಂಬರ್. ನಾಲ್ಕು ಸ್ಟಾರ್ ಕೊಟ್ಟವರಿಗೆ ಇಲ್ಲದ ಹಣ ಐದು ಕೊಟ್ಟವರಿಗೆ ಮಾತ್ರ ಸಿಗುವುದರಿಂದ ಅದು ಲಂಚವೇ. ಕೆಲವು ಗ್ರಾಹಕರು ಆ ಕಾರ್ಡಿನ ಫೋಟೊವನ್ನೇ ರಿವ್ಯೂದಲ್ಲಿ ಹಾಕಿ ಎಚ್ಚರಿಸುತ್ತಾರೆ. ಅಂಥ ಒಂದು ಫೋಟೊ ಕಂಡರೂ ಆ ಪುಟದ ಉಳಿದ ಐದು ಸ್ಟಾರ್‌ಗಳನ್ನು ಲೆಕ್ಕದಿಂದ ತೆಗೆದುಬಿಡಿ.

ರಿವ್ಯೂ ಬರೆದವರ ಖಾತೆಯ ಪುಟ ತೆರೆಯಲು ಬಂದರೆ ಅವರ ಉಳಿದ ರಿವ್ಯೂಗಳನ್ನೂ ನೋಡಿ. ಒಂದೇ ದಿನ ಚಾರ್ಜರ್, ಹೇರ್ ಆಯಿಲ್, ಮಕ್ಕಳ ಆಟಿಕೆ, ಕನ್ನಡಕ ಎಲ್ಲಕ್ಕೂ ಐದು ಸ್ಟಾರ್ ಕೊಟ್ಟವರು ಗ್ರಾಹಕರಂತೆ ನಡೆದುಕೊಂಡಿಲ್ಲ.

ಹಂತ 8: ಎರಡು, ಮೂರು, ನಾಲ್ಕು ಸ್ಟಾರ್‌ಗಳನ್ನು ಓದಿ

ಹಣ ಕೊಟ್ಟು ಬರೆಸುವವರು ಐದನ್ನೇ ಬರೆಸುತ್ತಾರೆ, ಎದುರಾಳಿಯನ್ನು ಕೆಡಿಸಬಯಸುವವರು ಒಂದನ್ನೇ ಹಾಕಿಸುತ್ತಾರೆ. ನಡುವಿನವುಗಳಲ್ಲಿ ಪ್ರಾಮಾಣಿಕರ ಪ್ರಮಾಣ ಹೆಚ್ಚಿರುವುದು ಅದಕ್ಕಾಗಿ. ಒಂದು ಸ್ಟಾರಿನ ದೂರುಗಳಲ್ಲಿಯೂ ಕೊರಿಯರ್ ತಡವಾದದ್ದನ್ನು ಬಿಟ್ಟು ಲೆನ್ಸಿಗೆ, ಫ್ರೇಮಿಗೆ ಸಂಬಂಧಿಸಿದ್ದನ್ನು ಮಾತ್ರ ಎಣಿಸಿ. ಲೇಪನ ಬಿರಿಯಿತೆಂಬ ದೂರು ಬಿಡಿಯಾಗಿದ್ದರೆ ಬೈಕಿನ ಟ್ಯಾಂಕಿನ ಮೇಲೋ ಕಾರಿನ ಡ್ಯಾಶ್‌ಬೋರ್ಡಿನ ಮೇಲೋ ಬಿಸಿಲಲ್ಲಿ ಬಿಟ್ಟದ್ದರಿಂದಲೂ ಆಗಿರಬಹುದು. ತಿಂಗಳು ತಿಂಗಳೂ ಬೇರೆ ಬೇರೆಯವರು ಅದನ್ನೇ ಬರೆದಿದ್ದರೆ ಲೆನ್ಸೇ ಕಳಪೆ. ಪವರ್ ಹಾಕಿದ ಲೆನ್ಸನ್ನು ಹಿಂದಿರುಗಿಸಲು ಒಪ್ಪಲಿಲ್ಲ ಎಂಬ ದೂರುಗಳನ್ನು ಮಾತ್ರ ತಪ್ಪದೆ ಓದಿ, ಆಮೇಲೆ ಆ ಮಾರಾಟಗಾರರ ವಾಪಸಾತಿಯ ನಿಯಮಗಳನ್ನು ತೆರೆದು ತಾಳೆ ನೋಡಿ.

ಹಂತ 9: ಮಾರಾಟಗಾರರ ಸ್ವಂತ ವೆಬ್‌ಸೈಟು ಮತ್ತು ಇನ್‌ಸ್ಟಾಗ್ರಾಂ ಜಾಹೀರಾತು

ಸ್ವಂತ ವೆಬ್‌ಸೈಟಿನಲ್ಲಿ ಯಾವ ರಿವ್ಯೂ ಉಳಿಯಬೇಕೆಂದು ತೀರ್ಮಾನಿಸುವವರು ಮಾರಾಟಗಾರರೇ. ಅಲ್ಲಿನ ಸ್ಟಾರ್‌ಗಳನ್ನು ಜಾಹೀರಾತೆಂದೇ ಓದಬೇಕು. ಬದಲಿಗೆ ನೋಡಬೇಕಾದದ್ದು: ಪೂರ್ಣ ವಿಳಾಸ, ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಸಂಪರ್ಕ, ಜಿಎಸ್‌ಟಿ ಸಂಖ್ಯೆ. ಆ ಸಂಖ್ಯೆಯನ್ನು ಸರಕಾರದ ಜಿಎಸ್‌ಟಿ ತಾಣದಲ್ಲಿ ಹಾಕಿದರೆ ವ್ಯಾಪಾರದ ಹೆಸರು ಮತ್ತು ನೋಂದಣಿಯ ದಿನಾಂಕ ಬರುತ್ತವೆ. ‘20 ವರ್ಷಗಳ ವಿಶ್ವಾಸ’ ಎಂದು ಬರೆದುಕೊಂಡವರ ನೋಂದಣಿ ಮೊನ್ನೆ ಮೊನ್ನೆಯದಾಗಿದ್ದರೆ ಉಳಿದ ಮಾತುಗಳ ಬೆಲೆಯೂ ತಿಳಿಯುತ್ತದೆ. ಇವುಗಳಲ್ಲಿ ಒಂದೂ ಸಿಗದ ತಾಣಕ್ಕೆ ಮುಂಗಡ ಹಣ ಕಳಿಸಬೇಡಿ.

ಬೆಲೆಯ ಅಂದಾಜು ಬೇಕಿದ್ದರೆ ದುರ್ಗದಬೈಲಿನಲ್ಲಿಯೋ ಧಾರವಾಡದ ಸುಭಾಸ ರಸ್ತೆಯಲ್ಲಿಯೋ ಒಂದು ಕನ್ನಡಕದ ಅಂಗಡಿಗೆ ಹೋಗಿ ಅದೇ ಬಗೆಯ ಫ್ರೇಮನ್ನು ಕೈಯಲ್ಲಿ ಹಿಡಿದು ನೋಡುವುದರಲ್ಲಿ ಸಂಕೋಚವೇನೂ ಬೇಡ. ಊರಿನ ಅಂಗಡಿಗಳ ಗೂಗಲ್ ಮ್ಯಾಪ್ ರಿವ್ಯೂಗಳಿಗೂ ಮೇಲಿನ ಹಂತಗಳೆಲ್ಲ ಅನ್ವಯಿಸುತ್ತವೆ. ನಮ್ಮವರೆಂದು ಅವಕ್ಕೆ ವಿನಾಯಿತಿ ಕೊಡುವ ಕಾರಣವಿಲ್ಲ.

ಹಂತ 10: ಪಾರ್ಸೆಲ್ ಬಂದ ಮೇಲೆ, ಮತ್ತು ಮೋಸವಾದರೆ

ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳಿ. ಕಡ್ಡಿಯ ಮೇಲಿನ ಅಂಕಿಗಳನ್ನು ಆರ್ಡರಿನೊಂದಿಗೆ ಹೋಲಿಸಿ. ಪವರ್ ಲೆನ್ಸು ಇದ್ದರೆ ವಾಪಸಾತಿಯ ಅವಧಿ ಮುಗಿಯುವ ಮೊದಲು ಹತ್ತಿರದ ಕನ್ನಡಕದ ಅಂಗಡಿಯಲ್ಲಿ ಲೆನ್ಸೊಮೀಟರಿನಲ್ಲಿ ಇಡಿಸಿ, ಪವರ್ ಮತ್ತು ಕೇಂದ್ರಗಳ ನಡುವಿನ ಅಂತರ ಎರಡನ್ನೂ ಚೀಟಿಯ ಮೇಲೆ ಬರೆಸಿಕೊಳ್ಳಿ. ಇದು ಕೆಲವೇ ನಿಮಿಷಗಳ ಕೆಲಸ. ನಿಮ್ಮ ಸ್ವಂತ ರಿವ್ಯೂವನ್ನು ಇಷ್ಟೆಲ್ಲ ಆದ ಮೇಲೆ, ಸಾಧ್ಯವಾದರೆ ಒಂದು ತಿಂಗಳು ಬಳಸಿ ಬರೆಯಿರಿ. ನಿಮ್ಮ ಪವರ್, ಪಿ.ಡಿ., ಹಳೆಯ ಫ್ರೇಮಿನ ಅಳತೆ ಇವನ್ನು ಸೇರಿಸಿದರೆ ಓದುವವರಿಗೆ ದೊಡ್ಡ ಉಪಕಾರ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ಮಾರಾಟಗಾರರು ತಾವೇ ಗ್ರಾಹಕರೆಂದು ತೋರಿಸಿಕೊಂಡು ರಿವ್ಯೂ ಹಾಕುವಂತಿಲ್ಲ. ಪ್ರತಿ ಇ-ಕಾಮರ್ಸ್ ಸಂಸ್ಥೆಗೂ ಕುಂದುಕೊರತೆ ಅಧಿಕಾರಿ ಇರಬೇಕು. ದೂರು ತಲಪಿದ್ದನ್ನು ಅವರು 48 ತಾಸುಗಳೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಭಾರತೀಯ ಮಾನಕ ಬ್ಯೂರೊ 2022ರ ನವೆಂಬರಿನಲ್ಲಿ ಐಎಸ್ 19000:2022 ಎಂಬ ಮಾನದಂಡವನ್ನೂ ಹೊರತಂದಿತು. ಹಣ ಕೊಟ್ಟು ಪಡೆದ ರಿವ್ಯೂಗಳನ್ನು ಪ್ರಕಟಿಸಬಾರದು, ಬರೆಯುವವರನ್ನು ದೃಢಪಡಿಸಿಕೊಳ್ಳಬೇಕು ಎಂಬುದು ಅದರ ತಿರುಳು. ಅದನ್ನು ಕಡ್ಡಾಯವಾಗಿ ಜಾರಿಗೊಳಿಸದೆ ಸಂಸ್ಥೆಗಳ ಇಚ್ಛೆಗೆ ಬಿಟ್ಟದ್ದು ನನಗೆ ಸಮಾಧಾನ ತಂದಿಲ್ಲ.

ಮೋಸವಾದರೆ ಮೊದಲು ಆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ಅಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ವಸ್ತುವೇ ಬಾರದೆ ಹಣ ಹೋಗಿದ್ದರೆ, ತಾಣವೇ ನಕಲಿಯಾಗಿದ್ದರೆ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ. ಗ್ರಾಹಕ ಆಯೋಗಕ್ಕೆ ಹೋಗಬೇಕಾದರೆ 2019ರ ಗ್ರಾಹಕ ಸಂರಕ್ಷಣೆ ಕಾಯಿದೆ ಒಂದು ದೊಡ್ಡ ಅನುಕೂಲ ಮಾಡಿಕೊಟ್ಟಿದೆ: ಮಾರಾಟಗಾರರು ದಿಲ್ಲಿಯಲ್ಲಿರಲಿ, ಸೂರತ್ತಿನಲ್ಲಿರಲಿ, ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ದಾಖಲಿಸಬಹುದು. ಹುಬ್ಬಳ್ಳಿಯವರು ಧಾರವಾಡ ಜಿಲ್ಲಾ ಆಯೋಗಕ್ಕೆ, ಗದಗ ಮತ್ತು ಹಾವೇರಿಯವರು ತಮ್ಮ ತಮ್ಮ ಜಿಲ್ಲೆಯ ಆಯೋಗಕ್ಕೆ ಹೋಗಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕವಿಲ್ಲ, ಕಾಲಾವಕಾಶ ಎರಡು ವರ್ಷ. ದೂರಿನ ಜೊತೆಗೆ ಬಿಲ್ಲು, ಪಾರ್ಸೆಲ್ ಬಿಚ್ಚಿದ ವಿಡಿಯೊ, ಕಣ್ಣಿನ ಪರೀಕ್ಷೆಯ ಚೀಟಿ, ಲೆನ್ಸೊಮೀಟರಿನ ಅಳತೆ, ಡಬ್ಬಿಯಲ್ಲಿ ಕಾರ್ಡು ಬಂದಿದ್ದರೆ ಆ ಕಾರ್ಡು, ಮತ್ತು ನೀವು ನಂಬಿ ಕೊಂಡ ರಿವ್ಯೂಗಳ ದಿನಾಂಕ ಕಾಣುವ ಸ್ಕ್ರೀನ್‌ಶಾಟುಗಳನ್ನು ಇಡಿ. ಈ ಸ್ಕ್ರೀನ್‌ಶಾಟುಗಳನ್ನು ಆರ್ಡರ್ ಮಾಡುವ ಹೊತ್ತಿಗೇ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ದೂರು ಹೋದ ಮೇಲೆ ಆ ರಿವ್ಯೂಗಳು ಪುಟದಲ್ಲಿ ಉಳಿದಿರುತ್ತವೆಂಬ ಖಾತರಿಯಿಲ್ಲ.